ಹೊಲದ ಮೇಲೆ ಹಾಯುವ ವಿದ್ಯುತ್ ಮಾರ್ಗ: ಪ್ರಕಟಣೆ ಬಂದಾಗ ರೈತರು ಮಾಡಬೇಕಾದುದೇನು?

ತೊಗರಿ ಹೂವಾಡುವ ಕಾಲದಲ್ಲಿ ಹೊಲಕ್ಕೆ ಹೋದಾಗ ಸಾಲುಗಳ ನಡುವೆ ಬಣ್ಣ ಬಳಿದ ಗೂಟವೊಂದು ಕಾಣುತ್ತದೆ. ಯಾರು ನೆಟ್ಟರು, ಏಕೆ ನೆಟ್ಟರು ಎಂದು ವಿಚಾರಿಸುವಷ್ಟರಲ್ಲಿ ಕೊಯ್ಲು ಬರುತ್ತದೆ. ಕೊಯ್ಲು ಮುಗಿದು ರಾಶಿಯಾಗುವ ಹೊತ್ತಿಗೆ ಗುಂಡಿ ತೋಡುವ ಯಂತ್ರವೇ ಬದುವಿನ ಮೇಲೆ ಬಂದು ನಿಂತಿರುತ್ತದೆ. ಆಗ ರೈತನು ತಹಶೀಲ್ದಾರರ ಕಚೇರಿಗೆ ಓಡುತ್ತಾನೆ. ಅಲ್ಲಿ ಅವನಿಗೆ ಸಿಗುವ ಉತ್ತರ ಒಂದೇ: “ಪ್ರಕಟಣೆ ಯಾವಾಗಲೋ ಆಗಿದೆ, ತಕರಾರಿನ ಅವಧಿ ಮುಗಿದಿದೆ.”

ರೈತ ಬಾಂಧವರೇ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದವರಿಗೆ ಈ ವಿಷಯ ಹತ್ತಿರದ್ದು. ನಮ್ಮ ಕಪ್ಪು ಮಣ್ಣಿನ ಕೆಳಗೆ ಸುಣ್ಣದ ಕಲ್ಲು ಇದೆ. ಅದನ್ನು ನಂಬಿ ಶಹಾಬಾದ್, ವಾಡಿ, ಮಳಖೇಡ, ಸೇಡಂ, ಚಿಂಚೋಳಿ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದಿವೆ, ಕಾರ್ಖಾನೆಗಳ ಹಿಂದೆ ಊರುಗಳು ಬೆಳೆದಿವೆ. ಊರು ಬೆಳೆದಂತೆ ಹೊಸ ಉಪಕೇಂದ್ರ ಬೇಕಾಗುತ್ತದೆ, ಉಪಕೇಂದ್ರಕ್ಕೆ ಮಾರ್ಗ ಬೇಕಾಗುತ್ತದೆ, ಮಾರ್ಗವು ಊರ ಅಂಚಿನ ಹೊಲಗಳನ್ನು ದಾಟಿಯೇ ಬರಬೇಕಾಗುತ್ತದೆ. ಇದಲ್ಲದೆ ದೂರದ ವಿದ್ಯುತ್ತೂ ನಮ್ಮ ಸೀಮೆಯ ಮೇಲೆ ಹಾಯುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ವಿದ್ಯುತ್ ಜಾಲವು ದೇಶದ ಉಳಿದ ಜಾಲಕ್ಕೆ ಜೋಡಣೆಯಾಯಿತು. ಈಗ ಸೌರ ಮತ್ತು ಪವನ ವಿದ್ಯುತ್ತನ್ನು ಸಾಗಿಸಲು ಇನ್ನಷ್ಟು ಮಾರ್ಗಗಳು ಬರುತ್ತಿವೆ. ವಿದ್ಯುತ್ ಬೇಡವೆನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಮಾರ್ಗ ಎಲ್ಲಿ ಹಾಯಬೇಕು ಎಂಬ ಮಾತಿನಲ್ಲಿ ಹೊಲದ ಒಡೆಯನ ದನಿಯೂ ಇರಬೇಕಾದರೆ, ಆ ದನಿ ಎತ್ತುವ ಕಾಲ ಯಾವುದು ಎಂದು ತಿಳಿದಿರಬೇಕು.

ಆಲಿಕೆ ಸಭೆಗೆ ಕಾಯಬೇಡಿ

ನಮ್ಮ ಭಾಗದ ರೈತರು ಒಂದು ಕಡೆ ಮೋಸ ಹೋಗುವುದುಂಟು. ಸಿಮೆಂಟ್ ಕಾರ್ಖಾನೆ ಅಥವಾ ದೊಡ್ಡ ಸುಣ್ಣದ ಕಲ್ಲಿನ ಗಣಿ ಬರುವಾಗ ಏನಾಗುತ್ತದೆ ಎಂಬುದು ಇಲ್ಲಿನವರಿಗೆ ಗೊತ್ತು. 2006ರ ಪರಿಸರ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮುಂಚಿತವಾಗಿ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯವರು ಶಾಮಿಯಾನ ಹಾಕಿಸಿ ಸಾರ್ವಜನಿಕ ಆಲಿಕೆ ಸಭೆ ನಡೆಸುತ್ತಾರೆ, ಜಿಲ್ಲಾಧಿಕಾರಿಗಳು ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿಗಳು ಅಧ್ಯಕ್ಷತೆ ವಹಿಸುತ್ತಾರೆ, ಊರವರು ಎದ್ದು ನಿಂತು ಮಾತನಾಡುತ್ತಾರೆ. ಇದನ್ನು ನೋಡಿ ರೂಢಿಯಾದವರು ವಿದ್ಯುತ್ ಮಾರ್ಗಕ್ಕೂ ಅಂಥದೇ ಸಭೆ ನಡೆದೀತು, ಅಲ್ಲಿ ಹೇಳಿದರಾಯಿತು ಎಂದು ಸುಮ್ಮನಿರುತ್ತಾರೆ.

ಆ ಸಭೆ ನಡೆಯುವುದಿಲ್ಲ. ವಿದ್ಯುತ್ ಪ್ರಸರಣ ಮಾರ್ಗವು ಆ ಅಧಿಸೂಚನೆಯ ಪಟ್ಟಿಯಲ್ಲಿ ಸೇರಿಲ್ಲ. ಮಾರ್ಗದ ವಿಷಯದಲ್ಲಿ ನಿಮಗೆ ಸಿಗುವುದು ಪತ್ರಿಕೆಯ ಒಂದು ಮೂಲೆಯಲ್ಲಿ ಅಚ್ಚಾದ ಪ್ರಕಟಣೆ ಮತ್ತು ಅದರಲ್ಲಿ ಕೊಟ್ಟಿರುವ ಅವಧಿ, ಅಷ್ಟೇ. ನಿಮ್ಮ ಮಾತು ಬಾಯಿಮಾತಿನಲ್ಲಿ ಅಲ್ಲ, ಬರವಣಿಗೆಯಲ್ಲಿ ಹೋಗಬೇಕು.

ಮೊದಲು ಮಾರ್ಗ ಯಾವುದೆಂದು ತಿಳಿಯಿರಿ

ಎಲ್ಲ ತಂತಿಗಳಿಗೂ ಒಂದೇ ಕಾನೂನಲ್ಲ. ಊರೊಳಗಿನ ಬೀದಿಗೆ, ಪಂಪ್‌ಸೆಟ್ಟಿಗೆ, ಸಣ್ಣ ಕಾರ್ಖಾನೆಗೆ ಬರುವ 11 ಮತ್ತು 33 ಕಿಲೋವೋಲ್ಟಿನ ಮಾರ್ಗಗಳನ್ನು ನಮ್ಮ ಜಿಲ್ಲೆಯಲ್ಲಿ ಜೆಸ್ಕಾಂ, ಅಂದರೆ ಗುಲಬರ್ಗಾ ವಿದ್ಯುತ್ ಸರಬರಾಜು ಕಂಪನಿಯು ಹಾಕುತ್ತದೆ. 66 ಕಿಲೋವೋಲ್ಟ್ ಮತ್ತು ಅದಕ್ಕೆ ಮೇಲ್ಪಟ್ಟ, ಉಕ್ಕಿನ ಗೋಪುರಗಳ ಮೇಲೆ ಹಾಯುವ ಮಾರ್ಗಗಳು ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ್ದೋ, ಕೇಂದ್ರ ಸರಕಾರದ ಪವರ್ ಗ್ರಿಡ್‌ನದ್ದೋ, ಇಲ್ಲವೆ ಟೆಂಡರ್‌ನಲ್ಲಿ ಕೆಲಸ ಪಡೆದ ಖಾಸಗಿ ಪ್ರಸರಣ ಕಂಪನಿಯದೋ ಆಗಿರುತ್ತವೆ.

ಸಣ್ಣ ಮಾರ್ಗಗಳಿಗೆ 2006ರ ‘ವರ್ಕ್ಸ್ ಆಫ್ ಲೈಸೆನ್ಸೀಸ್’ ನಿಯಮಗಳು ಅನ್ವಯಿಸುತ್ತವೆ. ಅವುಗಳ ಪ್ರಕಾರ ನಿಮ್ಮ ಜಮೀನಿನಲ್ಲಿ ಕಂಬ ನೆಡುವ ಮೊದಲು ನಿಮ್ಮ ಒಪ್ಪಿಗೆ ಪಡೆಯಬೇಕು. ನೀವು ತಕರಾರು ಮಾಡಿದರೆ ಕಂಪನಿಯವರು ಜಿಲ್ಲಾ ದಂಡಾಧಿಕಾರಿಗಳಿಂದ ಅಥವಾ ಸರಕಾರ ನೇಮಿಸಿದ ಅಧಿಕಾರಿಯಿಂದ ಲಿಖಿತ ಅನುಮತಿ ತರಬೇಕು. ಆಗ ಅವರು ಪರಿಹಾರವನ್ನೋ, ವಾರ್ಷಿಕ ಬಾಡಿಗೆಯನ್ನೋ, ಎರಡನ್ನೂ ಸೇರಿಸಿಯೋ ನಿಗದಿ ಮಾಡಬಹುದು. ಆ ಆದೇಶ ಸರಿಯಿಲ್ಲವೆನಿಸಿದರೆ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಹೋಗಲು ಅವಕಾಶವಿದೆ. ಕಂಬ ನೆಟ್ಟು ಹಲವು ವರ್ಷಗಳಾದ ಮೇಲೂ ಸಕಾರಣ ತೋರಿಸಿ ಅದನ್ನು ಬೇರೆಡೆಗೆ ಸರಿಸುವಂತೆ ದಂಡಾಧಿಕಾರಿಗಳನ್ನು ಕೇಳಬಹುದು.

ಗೋಪುರದ ಮಾರ್ಗಗಳ ಕಥೆ ಬೇರೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 164ನೆಯ ಕಲಮಿನಡಿ ಸರಕಾರವು ಪ್ರಸರಣ ಸಂಸ್ಥೆಗೆ 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ಕೊಡಬಹುದು. ತಂತಿ ಸಮಾಚಾರ ನಿಂತುಹೋಗಿ ಎಷ್ಟೋ ವರ್ಷವಾಯಿತು. ಅದರ ಕಂಬಗಳಿಗಾಗಿ ಬರೆದ ಆ ಹಳೆಯ ಕಾಯ್ದೆಯ ಕಲಮುಗಳು ಮಾತ್ರ ವಿದ್ಯುತ್ ಮಾರ್ಗಗಳಿಗಾಗಿ ಇನ್ನೂ ಜೀವಂತವಾಗಿವೆ. 2023ರ ಹೊಸ ದೂರಸಂಪರ್ಕ ಕಾಯ್ದೆಯೂ ಅವುಗಳನ್ನು ಈ ಕೆಲಸಕ್ಕಾಗಿ ಉಳಿಸಿಕೊಂಡಿದೆ. ಈ ಅಧಿಕಾರವಿರುವ ಸಂಸ್ಥೆಗೆ ನಿಮ್ಮ ಒಪ್ಪಿಗೆ ಬೇಕಿಲ್ಲ. 2016ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಪವರ್ ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಪ್ರಕರಣದಲ್ಲಿ ಇದನ್ನೇ ಹೇಳಿತು. ಅಲ್ಲಿ ತಕರಾರು ಮಾಡಿದ್ದು ಬಡ ರೈತನಲ್ಲ. ಛತ್ತೀಸಗಢದ ತನ್ನ ಸುಣ್ಣದ ಕಲ್ಲಿನ ಗಣಿಯ ಮೇಲೆ ಮಾರ್ಗ ಬೇಡವೆಂದು ಸಿಮೆಂಟ್ ತಯಾರಿಸುವ ದೊಡ್ಡ ಕಂಪನಿಯೇ ಕೇಳಿತ್ತು. ಮಾರ್ಗ ನಿಲ್ಲಲಿಲ್ಲ.

ಆದ್ದರಿಂದ ಜೀಪಿನಲ್ಲಿ ಬಂದವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: “ಮಾರ್ಗ ಎಷ್ಟು ಕಿಲೋವೋಲ್ಟಿನದು? ಯಾವ ಸಂಸ್ಥೆಯದು? 164ನೆಯ ಕಲಮಿನ ಆದೇಶ ಇದೆಯೇ? ಇದ್ದರೆ ಅದರ ಪ್ರತಿ ಕೊಡಿ.” ಒಂದು ಕಾರ್ಖಾನೆಯೋ, ಸೌರ ಘಟಕವೋ ತನ್ನದೇ ಉಪಯೋಗಕ್ಕೆ ಹಾಕುವ ಮಾರ್ಗಕ್ಕೆ ಈ ಅಧಿಕಾರ ತಾನಾಗಿಯೇ ಬರುವುದಿಲ್ಲ. ಆದೇಶವಿಲ್ಲದ ಖಾಸಗಿ ಮಾರ್ಗಕ್ಕೆ ಒಪ್ಪಿಗೆ ಕೊಡುವುದೂ ಬಿಡುವುದೂ, ಎಷ್ಟು ಹಣಕ್ಕೆ ಕೊಡಬೇಕೆಂಬುದೂ ನಿಮ್ಮ ಕೈಯಲ್ಲಿದೆ. ಗುತ್ತಿಗೆದಾರನ ಆಳು “ಇದು ಸರಕಾರದ ಕೆಲಸ” ಎಂದ ಮಾತ್ರಕ್ಕೆ ಖಾಲಿ ಕಾಗದದ ಮೇಲೆ ಸಹಿ ಹಾಕಬಾರದು.

ಪ್ರಕಟಣೆಯನ್ನು ಓದುವ ಬಗೆ

ವಿದ್ಯುತ್ ಮಂಡಳಿಗಳಿದ್ದ ಕಾಲದಲ್ಲಿ 1948ರ ವಿದ್ಯುತ್ ಸರಬರಾಜು ಕಾಯ್ದೆಯು ಯೋಜನೆಯನ್ನು ರಾಜ್ಯಪತ್ರದಲ್ಲೂ ಸ್ಥಳೀಯ ಪತ್ರಿಕೆಗಳಲ್ಲೂ ಪ್ರಕಟಿಸಿ, ಅಹವಾಲಿಗೆ ಎರಡು ತಿಂಗಳಿಗೆ ಕಡಿಮೆಯಿಲ್ಲದ ಅವಧಿ ಕೊಡಬೇಕೆಂದು ಹೇಳುತ್ತಿತ್ತು. ಈಗಲೂ 164ನೆಯ ಕಲಮಿನ ಅಧಿಕಾರ ಕೋರುವ ಸಂಸ್ಥೆಗಳು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಎರಡು ತಿಂಗಳೊಳಗೆ ಅಭಿಪ್ರಾಯ ತಿಳಿಸಿರೆಂದು ಇರುತ್ತದೆ. ಆದರೂ ಊಹೆಯ ಮೇಲೆ ಹೋಗದೆ ನಿಮ್ಮ ಪ್ರಕಟಣೆಯಲ್ಲಿ ಅಚ್ಚಾದ ದಿನಾಂಕವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಪ್ರಕಟಣೆಯ ಭಾಷೆ ಒರಟಾಗಿರುತ್ತದೆ. ಮಾರ್ಗದ ಹೆಸರು, ವೋಲ್ಟೇಜು, ಹಾಯುವ ಜಿಲ್ಲೆ, ತಾಲ್ಲೂಕು, ಗ್ರಾಮಗಳ ಪಟ್ಟಿ, ಅಹವಾಲು ಕಳಿಸಬೇಕಾದ ಅಧಿಕಾರಿಯ ವಿಳಾಸ ಇಷ್ಟಿರುತ್ತವೆ. ಸರ್ವೆ ನಂಬರುಗಳು ಸಾಮಾನ್ಯವಾಗಿ ಇರುವುದಿಲ್ಲ. ಅಂದರೆ ನಿಮ್ಮ ಊರ ಹೆಸರು ಕಂಡಾಗ ನಿಮ್ಮ ಹೊಲವೂ ಬಂದಿದೆಯೇ ಇಲ್ಲವೇ ಎಂದು ಅದರಿಂದ ತಿಳಿಯದು. ಇನ್ನೊಂದು ಮಾತು: ಕೆಲವು ತಾಲ್ಲೂಕುಗಳು ಈಚಿನ ವರ್ಷಗಳಲ್ಲಿ ಒಡೆದು ಹೊಸವಾಗಿವೆ. ಶಹಾಬಾದ್ ಈಗ ಬೇರೆ ತಾಲ್ಲೂಕು. ಪಟ್ಟಿಯಲ್ಲಿ ನಿಮ್ಮ ಗ್ರಾಮ ಹಳೆಯ ತಾಲ್ಲೂಕಿನ ಕೆಳಗೇ ಇರಬಹುದು, ಎರಡನ್ನೂ ನೋಡಿರಿ.

ಊರ ಹೆಸರು ಕಂಡ ಕೂಡಲೇ ಮಾಡಬೇಕಾದ ಕೆಲಸವೆಂದರೆ ಆ ಅಧಿಕಾರಿಗೆ ಮಾರ್ಗದ ನಕ್ಷೆ ಕೇಳಿ ಪತ್ರ ಬರೆಯುವುದು. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. 30 ದಿನಗಳಲ್ಲಿ ಉತ್ತರ ಕೊಡಬೇಕು. 30 ದಿನವೆಂದರೆ ನಿಮ್ಮ ಅವಧಿಯ ಅರ್ಧ ಕಳೆದಂತಾಯಿತು, ಆದ್ದರಿಂದ ಮೊದಲ ವಾರದಲ್ಲೇ ಅರ್ಜಿ ಹೋಗಲಿ. ನಕ್ಷೆ ಕೈಗೆ ಬರದಿದ್ದರೂ ತಕರಾರನ್ನು ಅವಧಿಯೊಳಗೆ ಸಲ್ಲಿಸಿ, “ನಕ್ಷೆ ಕೇಳಿದ್ದೇನೆ, ಬಂದ ಮೇಲೆ ವಿವರ ಸಲ್ಲಿಸುತ್ತೇನೆ” ಎಂದು ಅದರಲ್ಲೇ ಬರೆಯಿರಿ.

ಚಿಂಚೋಳಿ ಕಡೆಯವರಿಗೆ ಒಂದು ವಿಶೇಷ. ಅಲ್ಲಿ ಕಾಡು ಮತ್ತು ವನ್ಯಜೀವಿಧಾಮ ಇರುವುದರಿಂದ ಮಾರ್ಗವು ಅರಣ್ಯ ಭೂಮಿಗೆ ಕಾಲಿಟ್ಟರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಪ್ರತ್ಯೇಕ ಅನುಮತಿ ಬೇಕಾಗುತ್ತದೆ. ಈ ತೊಡಕು ಬೇಡವೆಂದು ಮಾರ್ಗ ಗುರುತಿಸುವವರು ಕಾಡನ್ನು ಬಿಟ್ಟು ಅದರ ಅಂಚಿನ ಸಾಗುವಳಿ ಭೂಮಿಗೆ ಸರಿಯುವುದು ಸಹಜ.

ಎಂಥ ತಕರಾರಿಗೆ ಬೆಲೆ?

“ನಮ್ಮ ಹೊಲದಲ್ಲಿ ಮಾರ್ಗ ಬೇಡ” ಎಂದು ಊರೆಲ್ಲ ಸಹಿ ಹಾಕಿದ ಅರ್ಜಿಗೆ ಕಚೇರಿಯಲ್ಲಿ ಒಂದು ಇನ್‌ವರ್ಡ್ ನಂಬರು ಬೀಳುತ್ತದೆ. ಬೇರೇನೂ ಆಗುವುದಿಲ್ಲ. ಗ್ರಾಮಸಭೆಯ ಠರಾವು ಒಳ್ಳೆಯ ಸಾಕ್ಷಿ, ಆದರೆ ಅದರಿಂದ ಮಾರ್ಗ ನಿಲ್ಲಲೇಬೇಕೆಂಬ ನಿಯಮವಿಲ್ಲ. ಕೊಡಗಿನ ಮೂಲಕ ಕೇರಳಕ್ಕೆ ಹಾಯುವ ಮೈಸೂರು–ಕೋಝಿಕ್ಕೋಡ್ 400 ಕಿಲೋವೋಲ್ಟ್ ಮಾರ್ಗಕ್ಕೆ ಅಲ್ಲಿನ ಬೆಳೆಗಾರರೂ ಪರಿಸರ ಸಂಘಟನೆಗಳೂ ವರ್ಷಗಟ್ಟಲೆ ವಿರೋಧ ಮಾಡಿದರು. ಕೊನೆಗೂ ಕಾಡು, ತೋಟಗಳ ನಡುವೆಯೇ ಮಾರ್ಗ ನಿಂತಿತು. ಈಚೆಗೆ ಉಡುಪಿ–ಕಾಸರಗೋಡು ಮಾರ್ಗಕ್ಕೂ ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರರಿಂದ ಬಲವಾದ ವಿರೋಧ ಬಂದಿದೆ. ವಿರೋಧಕ್ಕೆ ಅದರದೇ ಸ್ಥಾನವಿದೆ. ಆದರೆ ಮಾರ್ಗವನ್ನು ಪೂರಾ ನಿಲ್ಲಿಸುವುದಕ್ಕಿಂತ ಸರಿಸುವುದು ಎಷ್ಟೋ ಸುಲಭ. ಸರಿಸಬೇಕಾದರೆ ಮಾರ್ಗ ಹಾಕುವವನ ಲೆಕ್ಕಾಚಾರವನ್ನು ನೀವು ಅರಿಯಬೇಕು.

ಎಂಜಿನಿಯರನು ಎರಡು ಉಪಕೇಂದ್ರಗಳ ನಡುವೆ ಆದಷ್ಟು ನೇರವಾದ ಗೆರೆ ಎಳೆಯುತ್ತಾನೆ. ನೇರ ಗೆರೆಯಲ್ಲಿ ನಿಲ್ಲುವ ಗೋಪುರ ಹಗುರ, ಅದು ತಂತಿಯ ಭಾರವನ್ನು ಹೊತ್ತರೆ ಸಾಕು. ಗೆರೆ ತಿರುಗುವ ಜಾಗದಲ್ಲಿ ತಂತಿಯ ಎಳೆತವನ್ನು ತಡೆಯಬೇಕಾಗುವುದರಿಂದ ಅಲ್ಲಿ ಭಾರಿ ಗೋಪುರ, ಆಳವಾದ ತಳಪಾಯ, ಹೆಚ್ಚು ಖರ್ಚು. ಆದ್ದರಿಂದ ಒಂದು ಗೋಪುರವನ್ನು ಪಕ್ಕಕ್ಕೆ ಸರಿಸಿ ಎಂದರೆ ಹಿಂದಿನ ಮುಂದಿನ ಗೋಪುರಗಳೂ ಅಲುಗಾಡುತ್ತವೆ. ಮೊದಲ ಸಮೀಕ್ಷೆಯ ಹಂತದಲ್ಲಿ ಇದು ಕಾಗದದ ಮೇಲಿನ ಗೆರೆ, ಬದಲಿಸಬಹುದು. ಗೋಪುರಗಳ ಆರ್ಡರು ಹೋದ ಮೇಲೆ ಬದಲಿಸುವವರು ಯಾರೂ ಇಲ್ಲ. ಅದೇ ಗೆರೆಯ ಮೇಲೆ ಗೋಪುರವನ್ನು ಕೆಲವು ಮೀಟರು ಹಿಂದಕ್ಕೋ ಮುಂದಕ್ಕೋ ಸರಿಸುವುದು ಅಷ್ಟು ಕಷ್ಟವಲ್ಲ, ಕೊನೆಯ ತಪಾಸಣಾ ಸಮೀಕ್ಷೆಯವರೆಗೂ ಇದನ್ನು ಕೇಳಬಹುದು. ಹೊಲದ ನಡುವೆ ಬರುವ ಗೋಪುರವನ್ನು ಬದುವಿನ ಹತ್ತಿರಕ್ಕೆ ತರಿಸಿಕೊಂಡರೆ ಟ್ರ್ಯಾಕ್ಟರು, ಕೂರಿಗೆ ಹೊಡೆಯಲು ಮುಂದಿನ ಐವತ್ತು ವರ್ಷ ಅನುಕೂಲವಾಗುತ್ತದೆ.

ಹೀಗಾಗಿ ಪಕ್ಕಕ್ಕೆ ಸರಿಸುವ ಬೇಡಿಕೆ ಪ್ರಕಟಣೆಯ ಅವಧಿಯಲ್ಲೇ ಹೋಗಬೇಕು ಮತ್ತು ಅದು ಬರಿಯ ‘ಬೇಡ’ ಆಗಿರದೆ ‘ಇಲ್ಲಿ ಬೇಡ, ಅಲ್ಲಿ ಹಾಯಲಿ’ ಎಂದಿರಬೇಕು. ಪಕ್ಕದಲ್ಲಿ ಗಾಯರಾಣ ಇದೆಯೇ, ಕೆಲಸ ಮುಗಿದ ಫರಸಿ ಕಲ್ಲಿನ ಖಣಿ ಇದೆಯೇ, ಹಳ್ಳದ ದಂಡೆ, ಬಂಡಿದಾರಿ, ಹಳೆಯ ಮಾರ್ಗದ ಸಾಲು ಇದೆಯೇ ನೋಡಿ. ಗ್ರಾಮ ನಕ್ಷೆಯ ಪ್ರತಿ ತೆಗೆಸಿ ಅದರ ಮೇಲೆ ಎರಡು ಬಣ್ಣದಲ್ಲಿ ಗುರುತು ಮಾಡಿ: ಅವರು ಹೇಳುವ ಗೆರೆ ಒಂದು, ನೀವು ಹೇಳುವ ಗೆರೆ ಇನ್ನೊಂದು. ನಾಲ್ಕೈದು ಹೊಲದವರು ಕೂಡಿ ಒಂದೇ ಗೆರೆ ತೋರಿಸಿದರೆ ಉತ್ತಮ. ಒಬ್ಬನು ನೆರೆಯವನ ಹೊಲಕ್ಕೆ ತಳ್ಳುವ, ನೆರೆಯವನು ಇವನ ಹೊಲಕ್ಕೆ ತಳ್ಳುವ ಅರ್ಜಿಗಳನ್ನು ಓದಿದ ಅಧಿಕಾರಿ ಹಳೆಯ ಗೆರೆಯನ್ನೇ ಉಳಿಸುತ್ತಾನೆ.

ಬರೆಯುವ ರೀತಿ ಹೀಗಿರಲಿ: “ಇಂಥ ಗ್ರಾಮದ ಸರ್ವೆ ನಂಬರ್ ಇಂತಿಷ್ಟು, ಹಿಸ್ಸಾ ಇಂತಿಷ್ಟು, ವಿಸ್ತೀರ್ಣ 4 ಎಕರೆ, ನನ್ನ ಹೆಸರಿನಲ್ಲಿ ಪಹಣಿ ಇದೆ. ಉದ್ದೇಶಿತ ಮಾರ್ಗವು ಹೊಲವನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸುತ್ತದೆ. ಅದರಡಿಯಲ್ಲಿ ಬಾವಿ, ಕೊಳವೆಬಾವಿ, ಇಷ್ಟು ಲಿಂಬೆ ಗಿಡಗಳು ಬರುತ್ತವೆ. ಉತ್ತರದ ಬದುವಿಗೆ ಹೊಂದಿ ಸರಕಾರಿ ಗಾಯರಾಣ ಇದ್ದು, ಮಾರ್ಗವನ್ನು ಆ ಕಡೆಗೆ ಸರಿಸಿದರೆ ಈ ನಷ್ಟ ತಪ್ಪುತ್ತದೆ. ನಕ್ಷೆ, ಪಹಣಿ ಮತ್ತು ಫೋಟೋ ಲಗತ್ತಿಸಿದೆ. ಸ್ಥಳಕ್ಕೆ ಬಂದು ನೋಡಿ, ನನ್ನ ಸಮಕ್ಷಮ ತೀರ್ಮಾನಿಸಬೇಕಾಗಿ ಕೋರಿಕೆ.” ಪತ್ರವನ್ನು ಪ್ರಕಟಣೆಯಲ್ಲಿ ಹೇಳಿದ ಅಧಿಕಾರಿಗೆ ನೋಂದಣಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಪ್ರತಿಗಳನ್ನು ಜಿಲ್ಲಾಧಿಕಾರಿ, ತಹಶೀಲ್ದಾರ ಮತ್ತು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಈ ಕಾಗದ ಮಾರ್ಗವನ್ನು ಸರಿಸದಿದ್ದರೂ ಮುಂದೆ ಪರಿಹಾರದ ವೇಳೆ ನಿಮ್ಮ ಬಾವಿ, ಗಿಡಗಳು ಮೊದಲೇ ಇದ್ದವೆಂಬುದಕ್ಕೆ ದಾಖಲೆಯಾಗುತ್ತದೆ.

ಊರ ಎಲ್ಲೆಯೊಳಗಿನ ಹೊಲ

ಸೇಡಂ, ವಾಡಿ, ಶಹಾಬಾದ್‌ನಂಥ ಊರುಗಳ ಅಂಚಿನಲ್ಲಿ ಹೊಲವಿದ್ದವರ ನಷ್ಟ ಬೆಳೆಯದಲ್ಲ. ತಂತಿಯ ಕೆಳಗೆ ತೊಗರಿ ಬೆಳೆಯಬಹುದು, ಮನೆ ಕಟ್ಟಲಾಗದು. ಇಂದು ಹೊಲವಾಗಿದ್ದು ನಾಳೆ ನಿವೇಶನವಾಗಬಹುದಾದ ಭೂಮಿಗೆ ಇದು ದೊಡ್ಡ ಪೆಟ್ಟು. ಎನ್.ಎ. ಆದೇಶ ಆಗಿದ್ದರೆ, ಅರ್ಜಿ ಹಾಕಿದ್ದರೆ, ಸುತ್ತಲಿನ ಸರ್ವೆ ನಂಬರುಗಳು ನಿವೇಶನವಾಗಿದ್ದರೆ ಅದರ ಕಾಗದಗಳನ್ನು ತಕರಾರಿಗೆ ಲಗತ್ತಿಸಿರಿ. ಪ್ರಕಟಣೆಯಾದ ಮೇಲೆ ಅವಸರದಲ್ಲಿ ಎನ್.ಎ. ಮಾಡಿಸುವುದಕ್ಕಿಂತ ಮೊದಲೇ ಇದ್ದ ಕಾಗದಕ್ಕೆ ತೂಕ ಹೆಚ್ಚು. ಜಾಗ ಇಕ್ಕಟ್ಟಾದ ಕಡೆ ನಾಲ್ಕು ಕಾಲಿನ ಗೋಪುರದ ಬದಲು ಒಂದೇ ಕಂಬದ ಗೋಪುರ ಅಥವಾ ನೆಲದಡಿಯ ಕೇಬಲ್ ಬಳಸುವುದೂ ಇದೆ. ಖರ್ಚು ಹೆಚ್ಚೆಂದು ಅವರಾಗಿ ಹೇಳುವುದಿಲ್ಲ, ಪುರಸಭೆ ಅಥವಾ ನಗರಸಭೆಯ ಮೂಲಕ ಒಟ್ಟಾಗಿ ಕೇಳಬೇಕು. ಬೀದಿ ಅಗೆಯುವ ಕೆಲಸಕ್ಕೆ ಸ್ಥಳೀಯ ಸಂಸ್ಥೆಗೆ ಮುಂಚಿತವಾಗಿ ತಿಳಿಸಬೇಕಾಗಿರುವುದರಿಂದ ನಿಮ್ಮ ವಾರ್ಡಿನ ಸದಸ್ಯರಿಗೆ ವಿಷಯ ಮೊದಲು ಗೊತ್ತಾಗುತ್ತದೆ.

ಪರಿಹಾರದ ಲೆಕ್ಕ

ಮಾರ್ಗ ಹಾಯ್ದರೂ ಭೂಮಿ ನಿಮ್ಮದೇ. ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ, ಸಂಸ್ಥೆಗೆ ಬರುವುದು ಉಪಯೋಗಿಸುವ ಹಕ್ಕು ಮಾತ್ರ. ಹಾಗೆಂದು ಪುಕ್ಕಟೆಯೂ ಅಲ್ಲ. ಟೆಲಿಗ್ರಾಫ್ ಕಾಯ್ದೆಯ 10ನೆಯ ಕಲಮಿನ ಪ್ರಕಾರ ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಹಿತಾಸಕ್ತಿಯುಳ್ಳ ಎಲ್ಲರಿಗೂ ಪೂರ್ಣ ಪರಿಹಾರ ಕೊಡಬೇಕು. ‘ಎಲ್ಲರಿಗೂ’ ಎಂಬ ಮಾತನ್ನು ಗಮನಿಸಿ. ಪಾಲಿಗೆ ಅಥವಾ ಲಾವಣಿಗೆ ಮಾಡಿದವನ ಬೆಳೆ ಹಾಳಾದರೆ ಅವನಿಗೂ ಹಕ್ಕಿದೆ.

ಬೆಳೆ ಮತ್ತು ಗಿಡಮರದ ಪರಿಹಾರ ಹಿಂದಿನಿಂದಲೂ ಇತ್ತು. ಭೂಮಿಯ ಬೆಲೆ ಕುಸಿದುದಕ್ಕೆ ಹಣ ಕೊಡಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯವು 2015ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. 66 ಕಿಲೋವೋಲ್ಟ್ ಮತ್ತು ಮೇಲ್ಪಟ್ಟ ಮಾರ್ಗಗಳಿಗೆ ಗೋಪುರದ ಕಾಲುಗಳ ನಡುವಿನ ಜಾಗಕ್ಕೆ ಭೂಮಿಯ ಬೆಲೆಯ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ. 15 ಎಂದಿತು. 2024ರ ಜೂನ್ 14ರ ಮಾರ್ಗಸೂಚಿಯಲ್ಲಿ ಇವು ಕ್ರಮವಾಗಿ ಶೇ. 200 ಮತ್ತು ಶೇ. 30 ಆದವು. ಗೋಪುರದ ಜಾಗವನ್ನು ಅಳೆಯುವಾಗ ಪ್ರತಿ ಬದಿಗೆ 1 ಮೀಟರು ಕೂಡಿಸಬೇಕೆಂದೂ ಹೇಳಿತು. 2025ರ ಮಾರ್ಚ್‌ನ ಪೂರಕ ಮಾರ್ಗಸೂಚಿಯು ಪುರಸಭೆ ಮತ್ತು ಯೋಜನಾ ಪ್ರದೇಶದ ಪಟ್ಟಿಗೆ ಶೇ. 45, ಮಹಾನಗರಗಳಿಗೆ ಶೇ. 60 ಎಂದು ಹೇಳಿದೆ. ಇವು ಅಂತರರಾಜ್ಯ ಮಾರ್ಗಗಳನ್ನು ಮುಂದಿಟ್ಟುಕೊಂಡು ಮಾಡಿದವು. ರಾಜ್ಯದೊಳಗಿನ ಮಾರ್ಗಕ್ಕೆ ರಾಜ್ಯ ಒಪ್ಪಿ ಜಾರಿ ಮಾಡಿದ ಆದೇಶವೇ ಲೆಕ್ಕ. ಆದ್ದರಿಂದ ಚೆಕ್ಕಿಗೆ ಕೈಯೊಡ್ಡುವ ಮೊದಲು ಯಾವ ಆದೇಶದ ಪ್ರಕಾರ, ಯಾವ ದರದಲ್ಲಿ, ಎಷ್ಟು ವಿಸ್ತೀರ್ಣಕ್ಕೆ ಎಂಬ ಮೂರನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಒಂದು ಉದಾಹರಣೆ ನೋಡೋಣ. 220 ಕಿಲೋವೋಲ್ಟ್ ಮಾರ್ಗದ ಪಟ್ಟಿಯ ಅಗಲ 35 ಮೀಟರು. ಅದು ನಿಮ್ಮ ಹೊಲದಲ್ಲಿ 200 ಮೀಟರು ಉದ್ದ ಹಾಯ್ದರೆ ಪಟ್ಟಿಯ ವಿಸ್ತೀರ್ಣ 7,000 ಚದರ ಮೀಟರು, ಅಂದರೆ ಸುಮಾರು 1 ಎಕರೆ 29 ಗುಂಟೆ. ಎಕರೆಗೆ 10 ಲಕ್ಷ ರೂಪಾಯಿ ಎಂದು ಹಿಡಿಯೋಣ, ಗುಂಟೆಗೆ 25,000 ಬೀಳುತ್ತದೆ. ಪಟ್ಟಿಯ ಒಟ್ಟು ಬೆಲೆ ಸುಮಾರು 17 ಲಕ್ಷ 30 ಸಾವಿರ. ಇದರ ಶೇ. 30 ಎಂದರೆ 5 ಲಕ್ಷ 19 ಸಾವಿರ, ಶೇ. 15 ಆದರೆ ಅದರ ಅರ್ಧ. ಈಗ ಗೋಪುರದ ಲೆಕ್ಕ: ಕಾಲುಗಳ ನಡುವೆ 10 ಮೀಟರು ಎಂದಿಟ್ಟುಕೊಂಡರೆ, ಬದಿಗೆ ಒಂದೊಂದು ಮೀಟರು ಸೇರಿ 12ಕ್ಕೆ 12, ಅಂದರೆ 144 ಚದರ ಮೀಟರು, ಒಂದೂವರೆ ಗುಂಟೆಗೂ ಕಡಿಮೆ. ಶೇ. 200ರಂತೆ ಸುಮಾರು 71 ಸಾವಿರ.

ಇದರಿಂದ ತಿಳಿಯುವುದೇನು? ದೊಡ್ಡ ಹಣ ಇರುವುದು ಗೋಪುರದಲ್ಲಿ ಅಲ್ಲ, ತಂತಿಯಲ್ಲಿ. “ನನ್ನ ಹೊಲದಲ್ಲಿ ಟವರ್ ಬರಲಿಲ್ಲ, ನನಗೇನೂ ಸಿಗುವುದಿಲ್ಲ” ಎಂದುಕೊಂಡು ಸುಮ್ಮನಿರುವ ರೈತ ಕಳೆದುಕೊಳ್ಳುವುದು ಈ ದೊಡ್ಡ ಭಾಗವನ್ನೇ. ಪಟ್ಟಿಯ ಅಗಲ 66 ಕಿಲೋವೋಲ್ಟಿಗೆ 18, 110ಕ್ಕೆ 22, 220ಕ್ಕೆ 35 ಮೀಟರು, 400ಕ್ಕೆ 46 ಮೀಟರು ಅಥವಾ ಅದಕ್ಕಿಂತ ಹೆಚ್ಚು. ಹೊಲದಲ್ಲಿ ತಂತಿ ಹಾಯುವ ಉದ್ದವನ್ನು ಟೇಪು ಹಿಡಿದು ನೀವೇ ಅಳೆದುಕೊಳ್ಳಬಹುದು.

ನಿಗದಿಯಾದ ಹಣ ಕಡಿಮೆಯೆನಿಸಿದರೆ ಟೆಲಿಗ್ರಾಫ್ ಕಾಯ್ದೆಯ 16ನೆಯ ಕಲಮಿನಡಿ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕಬಹುದು. ನಮ್ಮ ರೈತರಿಗೆ ಅದು ಕಲಬುರಗಿ. ಕೇರಳ ವಿದ್ಯುತ್ ಮಂಡಳಿ ಮತ್ತು ಲಿವಿಶಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಭೂಮಿ ಎಲ್ಲಿದೆ, ತಂತಿ ಅದರ ಅಂಚಿನಲ್ಲಿ ಹಾಯ್ದಿದೆಯೇ ಅಥವಾ ನಡುವೆಯೇ, ಭೂಮಿಯ ಬೆಲೆ ಎಷ್ಟು ಇಳಿಯಿತು ಎಂಬುದನ್ನೆಲ್ಲ ನೋಡಿಯೇ ಪರಿಹಾರ ಕಟ್ಟಬೇಕೆಂದು ಹೇಳಿದೆ. ಮೇಲೆ ಹೇಳಿದ ನಕ್ಷೆ, ಫೋಟೋಗಳ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಹಣ ತಡವಾಗುವುದಕ್ಕೆ ಎಷ್ಟೋ ಬಾರಿ ಕಾರಣ ನಾವೇ. ತಂದೆ ತೀರಿಕೊಂಡು ಹತ್ತು ವರ್ಷವಾದರೂ ಪಹಣಿಯಲ್ಲಿ ಅವರ ಹೆಸರೇ ಇರುತ್ತದೆ, ಅಣ್ಣತಮ್ಮಂದಿರಲ್ಲಿ ಬಾಯಿಮಾತಿನ ಪಾಲಾಗಿರುತ್ತದೆ. ಪಾಲಿನ ತಕರಾರು ಎದ್ದರೆ ಹಣ ಯಾರ ಕೈಗೂ ಬಾರದೆ ನ್ಯಾಯಾಲಯದಲ್ಲಿ ಜಮೆಯಾಗಿ ಕೂರುತ್ತದೆ. ಪ್ರಕಟಣೆಯಲ್ಲಿ ಊರ ಹೆಸರು ಕಂಡ ದಿನವೇ ಪೌತಿ ಖಾತೆಯ ಕೆಲಸ ಹಿಡಿಯಿರಿ.

ಹೆಚ್ಚು ಜನರಿಗೆ ತಿಳಿಯದ ಇನ್ನೊಂದು ಹಕ್ಕು ಅದೇ ಕಾಯ್ದೆಯ 17ನೆಯ ಕಲಮಿನಲ್ಲಿದೆ. ಮಾರ್ಗ ಹಾಕಿದ ಮೇಲೆ ನೀವು ಆ ಭೂಮಿಯನ್ನು ಬೇರೆ ರೀತಿ ಬಳಸಬೇಕಾಗಿ ಬಂದರೆ, ತಂತಿಯನ್ನು ಅದೇ ಜಮೀನಿನ ಬೇರೆ ಭಾಗಕ್ಕೆ ಸರಿಸಲು ಅಥವಾ ಎತ್ತರಿಸಲು ಕೇಳಬಹುದು. ಪರಿಹಾರ ಪಡೆದಿದ್ದರೆ ಸರಿಸುವ ಖರ್ಚು ಅಥವಾ ಪಡೆದ ಪರಿಹಾರದ ಅರ್ಧ, ಇವೆರಡರಲ್ಲಿ ಕಡಿಮೆಯಾದುದನ್ನು ನೀವು ಕಟ್ಟಬೇಕು. ಅವರು ಮಾಡದಿದ್ದರೆ ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ. ಕೊಟ್ಟೇ ಕೊಡುತ್ತಾರೆಂದು ಹೇಳಲಾಗದು, ಅದು ಅವರ ವಿವೇಚನೆ.

ಕೆಲಸ ನಡೆಯುವಾಗ ಮಣ್ಣಿನ ಕಡೆ ಲಕ್ಷ್ಯವಿರಲಿ

ಹಣದ ಮಾತಿನಲ್ಲಿ ಮರೆತುಹೋಗುವುದು ಮಣ್ಣು. ನಮ್ಮ ಎರೆಮಣ್ಣು ಹಸಿಯಿದ್ದಾಗ ಭಾರದ ಗಾಡಿ ಹಾಯ್ದರೆ ಕೆಳಪದರ ಗಟ್ಟಿಯಾಗಿ ನೀರು ಇಂಗುವುದಿಲ್ಲ. ಮುಂದಿನ ಎರಡು ಮೂರು ಹಂಗಾಮುಗಳಲ್ಲಿ ಗಾಲಿ ಹಾಯ್ದ ಸಾಲಿನ ಬೆಳೆ ಕುಂಠಿತವಾಗಿ ಕಾಣುತ್ತದೆ. ಆದ್ದರಿಂದ ತಳಪಾಯದ ಕೆಲಸವನ್ನು ಹಿಂಗಾರಿ ಜೋಳ, ಕಡಲೆ ಕೊಯ್ಲಿನ ನಂತರ, ಏಪ್ರಿಲ್–ಮೇ ತಿಂಗಳಲ್ಲಿ ಮಾಡುವಂತೆ ಮೊದಲೇ ಲಿಖಿತವಾಗಿ ಕೇಳಿರಿ. ಗಾಡಿ ಓಡಾಡಲು ಒಂದೇ ದಾರಿ ಗುರುತಿಸಿ ಕೊಡಿ.

ಗುಂಡಿಯ ಮಣ್ಣು ಇನ್ನೊಂದು ಸಮಸ್ಯೆ. ಮೇಲಿನ ಕಪ್ಪು ಮಣ್ಣಿನ ಅಡಿಯಿಂದ ಬರುವ ಗರಸು, ಸುಣ್ಣದ ಹರಳು, ಫರಸಿ ಚೂರುಗಳನ್ನು ಹೊಲದ ಮೇಲೆ ಚೆಲ್ಲಿ ಹೋದರೆ ಅಷ್ಟು ಜಾಗ ಹಾಳು. ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸಿ, ಗುಂಡಿ ಮುಚ್ಚುವಾಗ ಅಡಿಯ ಮಣ್ಣು ಅಡಿಗೆ, ಮೇಲಿನದು ಮೇಲಕ್ಕೆ ಬರುವಂತೆ ನಿಂತು ನೋಡಿಕೊಳ್ಳಬೇಕು. ಉಳಿದ ಗರಸು, ಸಿಮೆಂಟಿನ ತುಣುಕು, ತಂತಿ ಚೂರುಗಳನ್ನು ಹೊರಗೆ ಸಾಗಿಸಬೇಕು. ಒಡೆದ ಬದು ಮಳೆಗಾಲಕ್ಕೆ ಮೊದಲು ಕಟ್ಟಿಸದಿದ್ದರೆ ಕಾಗಿಣಾ, ಮುಲ್ಲಾಮಾರಿ ಕಡೆಯ ಇಳಿಜಾರು ಹೊಲಗಳಲ್ಲಿ ಒಂದೇ ಮಳೆಗೆ ಕೊರಕಲು ಬೀಳುತ್ತದೆ. ಕೆಲಸ ಮುಗಿದ ಬೇಸಿಗೆಯಲ್ಲೇ ಗಾಲಿ ಹಾಯ್ದ ಜಾಗವನ್ನು ಆಳವಾಗಿ ನೇಗಿಲು ಹೊಡೆದು, ತಿಪ್ಪೆಗೊಬ್ಬರ ಹಾಕಿ ಬಿಡಿ.

ಬೆಳೆ ನಿಂತಿರುವಾಗಲೇ ಕೆಲಸ ನಡೆದರೆ ಅಂದೇ ಪಂಚನಾಮೆ ಮಾಡಿಸಬೇಕು. ಗ್ರಾಮ ಆಡಳಿತಾಧಿಕಾರಿ, ಸಂಸ್ಥೆಯ ಪ್ರತಿನಿಧಿ ಮತ್ತು ಇಬ್ಬರು ನೆರೆಯವರ ಸಹಿಯೊಂದಿಗೆ ಬೆಳೆ ಯಾವುದು, ಯಾವ ಹಂತದಲ್ಲಿತ್ತು, ಎಷ್ಟು ಗುಂಟೆ ಹಾಳಾಯಿತು ಎಂದು ಬರೆಸಿ ಪ್ರತಿ ಪಡೆಯಿರಿ. ತಳಪಾಯ, ಗೋಪುರ ಕಟ್ಟುವುದು, ತಂತಿ ಎಳೆಯುವುದು ಎಂದು ಮೂರು ಸಲ ಜನ ಬರುತ್ತಾರೆ. ಮೂರು ಸಲವೂ ಬೆಳೆ ತುಳಿದರೆ ಮೂರು ಪಂಚನಾಮೆ, ಮೂರು ಸಲ ಪರಿಹಾರ. ಮಾರ್ಗಕ್ಕೂ ಮೊದಲೇ ಇದ್ದ ಮರ ಕಡಿದರೆ ಅದಕ್ಕೂ ಪರಿಹಾರ ಉಂಟು, ಮಾರ್ಗದ ನಂತರ ನೆಟ್ಟ ಮರಕ್ಕೆ ಇಲ್ಲ. ಗಿಡಗಳನ್ನು ಎಣಿಸಿ ಪಹಣಿಯಲ್ಲಿ ನಮೂದಿಸಿಕೊಳ್ಳುವುದು ಇದಕ್ಕಾಗಿಯೇ.

ತಂತಿಯ ಕೆಳಗಿನ ಪಟ್ಟಿಯಲ್ಲಿ ತೊಗರಿ, ಜೋಳ, ಕಡಲೆ, ಹತ್ತಿ, ಹೆಸರು, ಉದ್ದು ಯಾವುದನ್ನೂ ಬೆಳೆಯಬಹುದು. ತೆಂಗು, ಸಾಗುವಾನಿ, ನೀಲಗಿರಿ ಬೇಡ. ಕಣಿಕೆಯ ಬಣವೆ ಹಾಕಬಾರದು, ರಾಶಿಯ ಕಣ ಮಾಡಬಾರದು. ತೊಗರಿ ಕಟ್ಟಿಗೆ, ಕಬ್ಬಿನ ರವದಿಗೆ ಅಲ್ಲಿ ಬೆಂಕಿ ಹಚ್ಚುವುದು ಬಹಳ ಅಪಾಯಕರ, ಹೊಗೆ ಮತ್ತು ಜ್ವಾಲೆಯ ಮೂಲಕ ವಿದ್ಯುತ್ ನೆಲಕ್ಕೆ ಹಾರಬಲ್ಲದು. ತುಂತುರು ನೀರಾವರಿಯ ಅಲ್ಯೂಮಿನಿಯಂ ಪೈಪನ್ನು ತೊಳೆಯಲು ನೆಟ್ಟಗೆ ಎತ್ತಿ ಹಿಡಿಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ಮಲಗಿಸಿಯೇ ಸಾಗಿಸಿ. ತಂತಿ ಜೋತು ಬಿದ್ದುದು ಕಂಡರೆ ಗೋಪುರದ ಮೇಲೆ ಬರೆದ ಸಂಖ್ಯೆಯನ್ನು ಗುರುತು ಹಾಕಿಕೊಂಡು ಹತ್ತಿರದ ಉಪಕೇಂದ್ರಕ್ಕೆ ತಿಳಿಸಿರಿ; ಆ ಸಂಖ್ಯೆ ಹೇಳಿದರೆ ಅವರು ಜಾಗ ಹುಡುಕುತ್ತ ಅಲೆಯಬೇಕಾಗುವುದಿಲ್ಲ.